ನಾಳೆ ಶಾಲೆ, ಹತ್ತರಲ್ಲಿ ಎಷ್ಟು ದೋಸೆ?

ಉದ್ದಿನಬೇಳೆಯನ್ನು ಮೂರನೇ ನೀರಿನಲ್ಲಿ ತೊಳೆಯುತ್ತಿದ್ದೆ. ಅಡುಗೆಮನೆಯ ಕಿಟಕಿಯ ಗಾಜಿನ ಮೇಲೆ ಟಕಟಕ ಸದ್ದಾಯಿತು. ನೋಡಿದರೆ ಎದುರು ಮನೆಯ ವಿದ್ಯಾ, ಕೈಯಲ್ಲಿ ಫೋನು, ಕಾಲಲ್ಲಿ ಮನೆಯೊಳಗಿನ ಚಪ್ಪಲಿ, ಮೈಮೇಲೆ ಕೋಟಿಲ್ಲ. ಫೆಬ್ರವರಿಯ ಚಳಿಯಲ್ಲಿ ಹೀಗೆ ಓಡಿಬಂದಿದ್ದಾಳೆಂದರೆ ಏನೋ ಇದೆ ಎಂದುಕೊಂಡು ಕಿಟಕಿ ತೆರೆದೆ.

"ಅಕ್ಕಾರ, ಸೋಮವಾರದಿಂದ ಸಾಲಿ ತೆಗೀತಾರಂತ್ರಿ. ಸಣ್ಣ ಮಕ್ಕಳ ಸಾಲಿ."

ಕ್ರಿಸ್‌ಮಸ್‌ಗೆ ಮೊದಲೇ ಕೊರೊನಾ ಎಂದು ಸರ್ಕಾರ ಮುಚ್ಚಿಸಿದ್ದ ಶಾಲೆ. ಏಳು ವಾರ ಮಕ್ಕಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಓದಿದ್ದರು. ನಾನು ಬೇಳೆಯ ನೊರೆ ಮೆತ್ತಿದ ಕೈಯನ್ನೇ ಎತ್ತಿ ದೇವರಿಗೆ ಮುಗಿದೆ. ವಿದ್ಯಾ ನಗುತ್ತಾ ಓಡಿಹೋದಳು. ಕಿಟಕಿ ಮುಚ್ಚುವಾಗ ನನಗೆ ಹೊಳೆದದ್ದು ಬೇರೆ ಸಂಗತಿ. ಶಾಲೆ ತೆರೆದರೆ ನನ್ನ ಕೆಲಸವೂ ತೆರೆದ ಹಾಗೆ.

ಕೆಲಸ ಎಂದರೆ ನಗುವವರೇ ಹೆಚ್ಚು, ಆದರೂ ಹೇಳುತ್ತೇನೆ. ಡಚ್ಚರ ನಾಡಿನ ಬಾಡ್‌ಹೂವೆಡಾರ್ಪ್‌ನಲ್ಲಿ ಏಳು ಚಳಿಗಾಲ, ಮಾರನೇ ದಿನ ಹಿಮಕ್ಕೋ ಗಾಳಿಗೋ ಮಕ್ಕಳ ಶಾಲೆ ಮುಚ್ಚುವ ಸಂಭವ ಎಷ್ಟು ಎಂದು ಹಿಂದಿನ ಸಂಜೆಯೇ ಹೇಳುವ ಹೊಣೆ ನನ್ನದಾಗಿತ್ತು. ಸಂಬಳವಿರಲಿಲ್ಲ, ಹುದ್ದೆಯ ಹೆಸರಿರಲಿಲ್ಲ. ಇಪ್ಪತ್ತೆಂಟು ಕನ್ನಡ ತಾಯಂದಿರ ವಾಟ್ಸಾಪ್ ಗುಂಪೊಂದಿತ್ತು, ಸಂಜೆ ಆರಕ್ಕೆ ಅದರಲ್ಲಿ ನಾನೊಂದು ಸಾಲು ಬರೆಯಬೇಕು, ಅಷ್ಟೇ. ಈಗ ಮಗಳು ಸಹನಾ ದೊಡ್ಡ ಶಾಲೆಗೆ ಸೇರಿ ತಾನೇ ಸೈಕಲ್ ತುಳಿದು ಹೋಗುತ್ತಾಳೆ. ನಾನು ಕೆಲಸವನ್ನು ಕಿರಿಯರಿಗೆ ಒಪ್ಪಿಸಿ ಕೈ ತೊಳೆದುಕೊಂಡಿದ್ದೇನೆ. ಒಪ್ಪಿಸುವಾಗ ಎಲ್ಲವನ್ನೂ ಹೇಳಲು ಆಗಲಿಲ್ಲ. ಹೇಳದೆ ಉಳಿದದ್ದನ್ನು ಹೊಸದಾಗಿ ಬರುವ ಹುಡುಗಿಯರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಓದಿ ನಕ್ಕರೂ ಪರವಾಗಿಲ್ಲ.

ಶುರುವಾದದ್ದು ಹೀಗೆ. ನಾವು ಮೈಸೂರಿನಿಂದ ಬಂದ ಮೊದಲ ಚಳಿಗಾಲ. ಒಂದು ಬೆಳಿಗ್ಗೆ ಮೊಣಕಾಲಿಗೆ ಬರುವಷ್ಟು ಹಿಮ ಬಿದ್ದಿತ್ತು. ಮಗಳಿಗೆ ಒಂದರ ಮೇಲೊಂದು ಐದು ಬಟ್ಟೆ ತೊಡಿಸಿ, ನಾನೂ ತೊಟ್ಟು, ಹಿಮದಲ್ಲಿ ಕಾಲು ಕಿತ್ತು ಕಿತ್ತು ಶಾಲೆಗೆ ಹೋದರೆ ಗೇಟಿಗೆ ಒಂದು ಚೀಟಿ ಅಂಟಿಸಿದ್ದರು. ಇಂದು ಶಾಲೆ ಇಲ್ಲ. ವಾಪಸು ಬರುವಾಗ ಎದುರಿಗೆ ಒಬ್ಬೊಬ್ಬರಾಗಿ ನಾಲ್ವರು ಕನ್ನಡದ ತಾಯಂದಿರು, ಮಕ್ಕಳನ್ನು ಮೂಟೆಯಂತೆ ಕಟ್ಟಿಕೊಂಡು ಬರುತ್ತಿದ್ದಾರೆ. ಡಚ್ಚರ ಮನೆಗಳಿಗೆ ಮಾತ್ರ ಹೇಗೋ ಸುದ್ದಿ ಮುಟ್ಟಿತ್ತು. ಅವರ ಪಟ್ಟಿಯಲ್ಲಿ ನಮ್ಮ ನಂಬರ್ ಇರಲಿಲ್ಲ, ಇದ್ದರೂ ಆ ಭಾಷೆ ನಮಗೆ ಓದಲು ಬರುತ್ತಿರಲಿಲ್ಲ. ಐದು ಜನ ನಡೆಯುವ ಬದಲು ಒಬ್ಬಳು ನಡೆದು ನೋಡಿ ಬಂದರೆ ಸಾಲದೇ ಅನಿಸಿತು. ಕೆಲಸಕ್ಕೆ ಹೋಗದೆ ಮನೆಯಲ್ಲಿರುವವಳು ನಾನೊಬ್ಬಳೇ. ಮುಂದಿನ ಸಲ ಹಿಮ ಬಿದ್ದಾಗ ಏಳು ಗಂಟೆಗೇ ಹೋಗಿ ನೋಡಿ ಬಂದು ಎಲ್ಲರಿಗೂ ಹೇಳಿದೆ. ಆದರೆ ಏಳು ಗಂಟೆ ಕೆಲವರಿಗೆ ತಡವಾಯಿತು. ಅವರಿಗೆ ಆರೂಮುಕ್ಕಾಲಿಗೆ ರೈಲು. ಹಿಂದಿನ ಸಂಜೆಯೇ ಹೇಳಿ ಅಂದರು. ಹಾಗೆ ನೋಡಿ ಹೇಳುವವಳು ನೋಡದೆ ಹೇಳುವವಳಾದೆ.

ನನಗೆ ಮೇಲಧಿಕಾರಿಗಳು ಇಬ್ಬರಿದ್ದರು. ತಾವು ಮೇಲಧಿಕಾರಿಗಳೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಮೊದಲನೆಯವರು ಪಕ್ಕದ ಮನೆಯ ಹೆಂಕ್. ಎಪ್ಪತ್ತು ದಾಟಿದ ಅಜ್ಜ. ವಿಮಾನ ನಿಲ್ದಾಣದಲ್ಲಿ ಓಡುದಾರಿಯ ಹಿಮ ತಳ್ಳುವ ದೊಡ್ಡ ಗಾಡಿಗಳನ್ನು ಮೂವತ್ತು ವರ್ಷ ಓಡಿಸಿದವರು. ನಾನು ಅವರನ್ನು ಬ್ಯೂರ್‌ಮನ್ ಎಂದೇ ಕರೆಯುತ್ತಿದ್ದೆ, ಇಲ್ಲಿ ನೆರೆಯವರನ್ನು ಹಾಗೆ ಕರೆಯುವುದು ವಾಡಿಕೆ. ಒಂದು ಸಂಜೆ ನಾನು ಹಿತ್ತಿಲಲ್ಲಿ ನಿಂತು ಆಕಾಶ ನೋಡುತ್ತಿದ್ದುದನ್ನು ಕಂಡು ಅವರು ಬೇಲಿಯ ಆಚೆಯಿಂದ ಏನು ಹುಡುಕುತ್ತಿದ್ದೀಯ ಎಂದು ಕೇಳಿದರು. ಹಿಮ ಅಂದೆ. ಅದಕ್ಕೆ ಕತ್ತು ಯಾಕೆ ನೋಯಿಸಿಕೊಳ್ಳುತ್ತೀಯ, ಹಿಮ ಇರುವುದು ನೆಲದಲ್ಲಿ ಅಂದರು. ಅದು ಅವರ ಪಾಠ. ಎಷ್ಟು ಬೀಳುತ್ತದೆ ಅನ್ನುವುದು ಮುಖ್ಯವಲ್ಲ, ಬಿದ್ದದ್ದು ನಿಲ್ಲುವಷ್ಟು ನೆಲ ತಣ್ಣಗಿದೆಯೇ ಅನ್ನುವುದು ಮುಖ್ಯ. ಬೆಚ್ಚಗಿನ ನೆಲದ ಮೇಲೆ ಎಷ್ಟು ಬಿದ್ದರೂ ಬೆಳಗಾಗುವುದರೊಳಗೆ ಕೆಸರು. ತಣ್ಣಗಿನ ನೆಲದ ಮೇಲೆ ತುಸು ಮಳೆ ಹನಿದರೂ ಸಾಕು, ಊರೆಲ್ಲ ಗಾಜು. ಅಂದಿನಿಂದ ಸೈಕಲ್ ಶೆಡ್ಡಿನ ಕಬ್ಬಿಣದ ಅಗುಳಿಯನ್ನು ಸಂಜೆ ಬರಿಗೈಯಲ್ಲಿ ಮುಟ್ಟಿ ನೋಡುವುದು ನನ್ನ ಮೊದಲ ಕೆಲಸವಾಯಿತು. ಬೆರಳು ಅಂಟಿಕೊಂಡಂತಾದರೆ ಜಾಗ್ರತೆ.

ಗಾಳಿಯನ್ನು ತಿಳಿಯಲು ಅವರು ಹೇಳಿಕೊಟ್ಟ ಉಪಾಯ ಇನ್ನೂ ಸೊಗಸು. ವಿಮಾನಗಳು ಗಾಳಿಗೆ ಎದುರಾಗಿಯೇ ಏರುತ್ತವೆ, ಇಳಿಯುತ್ತವೆ. ನಮ್ಮೂರಿಗೆ ನಿಲ್ದಾಣ ಅಂಟಿಕೊಂಡೇ ಇದೆ. ದಿನವೂ ಒಂದು ಕಡೆಯಿಂದ ಬರುತ್ತಿದ್ದ ಸದ್ದು ಇನ್ನೊಂದು ಕಡೆಯಿಂದ ಬರತೊಡಗಿದರೆ ಗಾಳಿ ಪೂರ್ವಕ್ಕೆ ತಿರುಗಿದೆ ಎಂದರ್ಥ. ಪೂರ್ವದ ಗಾಳಿ ಒಣ ಚಳಿಯನ್ನು ತರುತ್ತದೆ. ಹೊಸದಾಗಿ ಬಂದವರು ವಿಮಾನದ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಗೊಣಗುತ್ತಾರೆ. ನಾನು ಪಲ್ಯಕ್ಕೆ ಒಗ್ಗರಣೆ ಹಾಕುತ್ತಲೇ ಗಾಳಿಯ ದಿಕ್ಕು ಹೇಳುತ್ತಿದ್ದೆ.

ಎರಡನೆಯ ಮೇಲಧಿಕಾರಿ ಶಾಲೆಯ ಮುಖ್ಯ ಶಿಕ್ಷಕಿ ಯುಫ್ ಆನೆಕೆ. ಇಲ್ಲಿ ಮಕ್ಕಳು ಟೀಚರನ್ನು ಯುಫ್ ಅನ್ನುತ್ತಾರೆ. ಅವರ ಕೈಕೆಳಗೆ ಸೇರಿದ್ದು ನನ್ನ ಒಂದು ದೊಡ್ಡ ತಪ್ಪಿನಿಂದ.

ಎರಡನೇ ಚಳಿಗಾಲದಲ್ಲಿ ಒಂದು ಸಂಜೆ ಹವಾಮಾನದವರು ಕಿತ್ತಳೆ ಬಣ್ಣದ ಎಚ್ಚರಿಕೆ ಕೊಟ್ಟರು. ಹಳದಿ ಎಂದರೆ ಜೋಪಾನ, ಕಿತ್ತಳೆ ಎಂದರೆ ಅಪಾಯ, ಕೆಂಪು ಎಂದರೆ ಮನೆಯಲ್ಲೇ ಇರಿ. ಇಷ್ಟು ನನಗೆ ಗೊತ್ತಿತ್ತು. ಆ ಕಿತ್ತಳೆ ದೇಶದ ಇನ್ನೊಂದು ತುದಿಗೆ ಮಾತ್ರ ಎಂಬುದನ್ನು ನಾನು ನೋಡಲೇ ಇಲ್ಲ. ನಾಳೆ ಶಾಲೆ ಇರುವುದಿಲ್ಲ ಎಂದು ಬರೆದುಬಿಟ್ಟೆ. ಬೆಳಿಗ್ಗೆ ನಮ್ಮೂರಲ್ಲಿ ಎಳೆಬಿಸಿಲು. ಶಾಲೆ ಗಂಟೆಗೆ ಸರಿಯಾಗಿ ತೆರೆದಿತ್ತು, ಕನ್ನಡದ ಹದಿನೇಳು ಮಕ್ಕಳು ಮಾತ್ರ ಇರಲಿಲ್ಲ. ಮಾರನೇ ದಿನ ಯುಫ್ ಆನೆಕೆ ಗೇಟಿನಲ್ಲಿ ನಿಂತು, ನಿನ್ನೆ ನಿಮಗೆ ಯಾವ ಹಬ್ಬವಿತ್ತು, ರಜೆಗೆ ಮೊದಲೇ ಅರ್ಜಿ ಕೊಡಬೇಕಲ್ಲ ಎಂದು ಕೇಳಿದರು. ಹಿಂದೆ ನಿಂತಿದ್ದ ಒಬ್ಬರು ಹೌದು ಅಂದುಬಿಡಿ ಅಕ್ಕ, ಏನೋ ಒಂದು ಹಬ್ಬದ ಹೆಸರು ಹೇಳಿದರಾಯ್ತು ಎಂದು ನನ್ನ ಬೆನ್ನಿಗೆ ಪಿಸುಗುಟ್ಟಿದರು. ಇಲ್ಲದ ಹಬ್ಬವನ್ನು ಇದೆ ಅಂದರೆ ದೇವರೂ ಬೇಸರಪಟ್ಟುಕೊಂಡಾನು. ಹಬ್ಬವಲ್ಲ, ತಪ್ಪು ನನ್ನದು, ಬಣ್ಣ ನೋಡಿದೆ, ಜಾಗ ನೋಡಲಿಲ್ಲ ಅಂದೆ. ಯುಫ್ ಆನೆಕೆ ಜೋರಾಗಿ ನಕ್ಕರು. ಆಮೇಲೆ ಒಳಗೆ ಕರೆದು ಕಾಫಿ ಕೊಟ್ಟರು. ಆ ಕಾಫಿ ಕುಡಿಯುವಾಗ ಈ ಕೆಲಸದ ಗುಟ್ಟು ನನಗೆ ಸಿಕ್ಕಿತು.

ಹಿಮ ಬಿದ್ದಾಗ ಶಾಲೆ ಮುಚ್ಚುವುದು ಮಕ್ಕಳು ಬರಲಾರರು ಎಂದಲ್ಲ. ಮಕ್ಕಳು ಪಕ್ಕದ ಬೀದಿಯವರು, ನಡೆದು ಬರುತ್ತಾರೆ. ಟೀಚರುಗಳು ದೂರದವರು. ಅವರು ಬರಲಾಗದಿದ್ದರೆ ಶಾಲೆ ಇಲ್ಲ. ಅಲ್ಲಿಂದ ನಾನು ಆಕಾಶ ನೋಡುವುದನ್ನು ಬಿಟ್ಟು ದಾರಿ ನೋಡತೊಡಗಿದೆ. ಗೇಟಿನ ಹತ್ತಿರ ಮಾತಾಡುತ್ತಾ ಮಾತಾಡುತ್ತಾ ಯಾವ ಯುಫ್ ಸೇತುವೆ ದಾಟಿ ಕಾರಲ್ಲಿ ಬರುತ್ತಾರೆ, ಯಾರು ಬಸ್ಸು, ಯಾರು ಸೈಕಲ್ಲು ಎಂದು ತಿಳಿದುಕೊಂಡೆ. ಸಂಜೆ ರಸ್ತೆಗೆ ಉಪ್ಪು ಚೆಲ್ಲುವ ಗಾಡಿ ನಮ್ಮ ಬೀದಿಗೆ ಬಂದರೆ ಅದು ನಮ್ಮ ಬೀದಿಗೆ ಮಾತ್ರ ಒಳ್ಳೆಯದು. ಯುಫ್‌ಗಳ ಸೇತುವೆಗೆ ಹೋಯಿತೇ ಅನ್ನುವುದು ನನ್ನ ಪ್ರಶ್ನೆ.

ಇನ್ನು ದೋಸೆಯ ವಿಚಾರ. ನಮ್ಮ ಯಜಮಾನರು ಸಾಫ್ಟ್‌ವೇರಿನವರು. ಆ ತಪ್ಪಾದ ಮೇಲೆ, ಇದೆ ಇಲ್ಲ ಎಂದು ಖಂಡಿತವಾಗಿ ಯಾಕೆ ಹೇಳ್ತೀಯ, ಪರ್ಸೆಂಟೇಜ್ ಹೇಳು ಅಂದರು. ನನಗೆ ಶೇಕಡ ನಾಲಗೆಗೆ ಹತ್ತಲಿಲ್ಲ. ಹತ್ತು ದೋಸೆ ಹುಯ್ದರೆ ಎಷ್ಟು ದೋಸೆ ಕಾವಲಿ ಬಿಟ್ಟು ನೆಟ್ಟಗೆ ಎದ್ದು ಬರುತ್ತವೆ ಎಂಬ ಲೆಕ್ಕ ಯಾವ ಹೆಂಗಸಿಗಾದರೂ ಕೈಗೇ ಗೊತ್ತು. ಹಾಗಾಗಿ ನಾಳೆ ಶಾಲೆ ಏಳು ದೋಸೆ ಎಂದು ಬರೆಯತೊಡಗಿದೆ. ಎಲ್ಲರಿಗೂ ತಕ್ಷಣ ಅರ್ಥವಾಯಿತು. ಐದು ದೋಸೆ ಎಂದರೆ ಆಫೀಸಿಗೆ ಒಂದು ಮಾತು ಹೇಳಿಟ್ಟಿರಿ, ಮೂರು ಎಂದರೆ ಅಲಾರಂ ಇಡಬೇಡಿ. ಹತ್ತು ಎಂದು ಮಾತ್ರ ನಾನು ಎಂದೂ ಹೇಳುತ್ತಿರಲಿಲ್ಲ. ಎಷ್ಟೇ ಪಳಗಿದ ಕಾವಲಿಯಾದರೂ ಮೊದಲನೇ ದೋಸೆ ಅಂಟೇ ಅಂಟುತ್ತದೆ. ಆಕಾಶ ನೀಲಿಯಾಗಿ ಹೊಳೆಯುತ್ತಿದ್ದರೂ ಒಂಬತ್ತಕ್ಕೆ ನಿಲ್ಲಿಸಿ, ಮುಂದೆ ದೇವರ ಚಿತ್ತ ಎಂದು ಬರೆಯುತ್ತಿದ್ದೆ.

ಒಂದೇ ಒಂದು ಸಲ ಹತ್ತು ಅಂದೆ. ಅದನ್ನು ಬರೆಯಲೆಂದೇ ಇಷ್ಟು ಬರೆದದ್ದು.

ಕೊರೊನಾ ಬಂದ ಮೇಲೆ ಮೊದಲ ಚಳಿಗಾಲದಲ್ಲಿ ನನ್ನ ಉಪಕರಣಗಳೆಲ್ಲ ಒಂದೊಂದಾಗಿ ಕೈಬಿಟ್ಟವು. ವಿಮಾನಗಳು ಬೆರಳೆಣಿಕೆಗೆ ಇಳಿದವು. ಆಕಾಶ ಎಷ್ಟು ಶಾಂತವಾಯಿತೆಂದರೆ ದೂರದ ಹೊಲದ ಬಾತುಕೋಳಿ ಕೂಗುವುದು ಕೇಳುತ್ತಿತ್ತು, ಗಾಳಿಯ ದಿಕ್ಕು ಮಾತ್ರ ಕೇಳುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತು ಮಾತಾಡುವುದೂ ನಿಂತಿತು. ಯಾವ ಯುಫ್ ಮನೆ ಬದಲಿಸಿದರು, ಯಾರು ಹೊಸಬರು ಎಂಬುದು ಗೊತ್ತಾಗುತ್ತಿರಲಿಲ್ಲ. ಡಿಸೆಂಬರಿನಲ್ಲಿ ಶಾಲೆಯೂ ಮುಚ್ಚಿತು. ನನಗೂ ರಜೆ ಸಿಕ್ಕಿತು, ನಾನು ಕೇಳಿರದಿದ್ದ ರಜೆ. ದೀಪ ಹಚ್ಚಿದಾಗ ಆ ದಿನದ ಮೂರು ಒಳ್ಳೆಯದನ್ನು ನಂಜುಂಡೇಶ್ವರನಿಗೆ ಹೇಳುವುದು ನಮ್ಮಮ್ಮನಿಂದ ಬಂದ ಅಭ್ಯಾಸ. ಆ ದಿನಗಳಲ್ಲಿ ಮೂರನ್ನು ಹುಡುಕಬೇಕಾಗುತ್ತಿತ್ತು. ಹಾಲು ಉಕ್ಕಲಿಲ್ಲ, ಮಗಳು ಒಂದು ಲೆಕ್ಕ ತಾನೇ ಮಾಡಿದಳು, ಊರಿನಿಂದ ಫೋನು ಬರಲಿಲ್ಲ. ಫೋನು ಬರದಿರುವುದೂ ಆಗ ಒಳ್ಳೆಯ ಸುದ್ದಿಯೇ.

ಎದುರು ಮನೆಯ ವಿದ್ಯಾ ಧಾರವಾಡದವಳು. ವಾಗೆನಿಂಗನ್‌ನಲ್ಲಿ ಇರುವ ವಿಶ್ವವಿದ್ಯಾಲಯದಲ್ಲಿ ಆಲೂಗಡ್ಡೆ ಗಿಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಎರಡು ರೈಲು, ಒಂದು ಬಸ್ಸು ಹಿಡಿದು ಹೋಗಬೇಕು. ಗಂಡ ಗಿರೀಶ ತಂಗಿಯ ಮದುವೆಗೆಂದು ಡಿಸೆಂಬರಿನಲ್ಲಿ ಧಾರವಾಡಕ್ಕೆ ಹೋದವನು ವಿಮಾನದ ನಿಯಮಗಳು ದಿನಕ್ಕೊಂದು ಬದಲಾಗಿ ಅಲ್ಲೇ ಸಿಕ್ಕಿಕೊಂಡಿದ್ದ. ಇಲ್ಲಿ ಅವಳು ಮತ್ತು ಆರು ವರ್ಷದ ಮಗಳು ಇಂಚರ. ವಿದ್ಯಾ ಕೆಲಸಕ್ಕೆ ಹೋಗುವ ದಿನ ಇಂಚರ ನಮ್ಮ ಮನೆಯಲ್ಲಿರುತ್ತಿದ್ದಳು.

ನವೆಂಬರಿನಲ್ಲಿ ವಿದ್ಯಾ ಅಲ್ಲಿನ ಗಿಡ ಬೆಳೆಸುವ ಗಾಜಿನ ಮನೆಯಲ್ಲಿ ನಲವತ್ತು ಗಿಡ ನೆಟ್ಟಿದ್ದಳು. ಅವು ಒಂದು ಹದಕ್ಕೆ ಬಂದ ದಿನವೇ ಎಲೆ ಕತ್ತರಿಸಿ ಫ್ರೀಜರಿಗೆ ಹಾಕಬೇಕು. ಆ ದಿನ ಇದೇ ಸೋಮವಾರ. ಕೊರೊನಾ ಎಂದು ಒಳಗೆ ಒಮ್ಮೆಗೆ ಒಬ್ಬರಿಗೇ ಪ್ರವೇಶ, ಅದಕ್ಕೆ ವಾರಗಳ ಮುಂಚೆ ಸಮಯ ಗೊತ್ತು ಮಾಡಿಕೊಳ್ಳಬೇಕು. ಆ ಸೋಮವಾರ ತಪ್ಪಿದರೆ ಗಿಡಗಳನ್ನು ಹೊಸದಾಗಿ ನೆಡಬೇಕು, ಅವು ಬೆಳೆಯುವ ಹೊತ್ತಿಗೆ ಅವಳ ಕೆಲಸದ ಅವಧಿಯೇ ಮುಗಿಯುತ್ತದೆ. ಇದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಳೆಂದರೆ ಆ ನಲವತ್ತು ಗಿಡ ನನ್ನ ಹಿತ್ತಿಲಲ್ಲೇ ಇವೆಯೇನೋ ಅನಿಸುತ್ತಿತ್ತು.

ಶಾಲೆ ತೆರೆಯುವ ಸುದ್ದಿ ಬಂದು ಎರಡು ದಿನವಾಗಿತ್ತು. ಗುರುವಾರ ನಮ್ಮ ಯಜಮಾನರ ಟೆಸ್ಟ್ ಪಾಸಿಟಿವ್ ಬಂತು. ಅವರು ಮಹಡಿಯ ಕೋಣೆ ಸೇರಿದರು. ದೇವರ ದಯೆಯಿಂದ ಬರೀ ಕೆಮ್ಮು. ರುಚಿ ಹೋಗಿರಲಿಲ್ಲ, ಸಾರಿಗೆ ಇಂಗು ಜಾಸ್ತಿ ಎಂದು ಅಲ್ಲಿಂದಲೇ ಮೆಸೇಜು ಹಾಕುತ್ತಿದ್ದರು. ಆದರೆ ನಾವು ಮೂವರೂ ಹತ್ತು ದಿನ ಬೀದಿಗೆ ಇಳಿಯುವಂತಿರಲಿಲ್ಲ, ಇಂಚರಳನ್ನು ಒಳಗೆ ಕರೆಯುವಂತಿರಲಿಲ್ಲ. ಬೇರೆ ಮನೆಗಳಲ್ಲೂ ಎರಡು ಕಡೆ ಕೆಮ್ಮು, ಉಳಿದ ಕಡೆ ಹೆದರಿಕೆ. ಸೋಮವಾರ ಮಗುವನ್ನು ಬಿಡಲು ವಿದ್ಯಾಳಿಗೆ ಶಾಲೆಯೊಂದೇ ಉಳಿಯಿತು.

ಶನಿವಾರ ಮಧ್ಯಾಹ್ನ ಅವಳು ನಮಗೆ ಹಾಲು, ಕೊತ್ತಂಬರಿ ತಂದು ಬಾಗಿಲ ಬಳಿ ಇಟ್ಟು, ಕಿಟಕಿಯಿಂದ ಆಚೆ ನಾಲ್ಕು ಹೆಜ್ಜೆ ದೂರ ನಿಂತಳು. ಭಾನುವಾರಕ್ಕೆ ಹಿಮಗಾಳಿ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ವಾಗೆನಿಂಗನ್‌ನಲ್ಲಿ ಅವಳ ಗೆಳತಿ ಶ್ವೇತಾ ಇದ್ದಾಳೆ, ತುಮಕೂರಿನ ಹುಡುಗಿ, ಅದೇ ವಿಭಾಗದಲ್ಲಿ ಓದುವವಳು. ಇವತ್ತೇ ಮಗುವನ್ನು ಕರೆದುಕೊಂಡು ಬಂದುಬಿಡು, ಎರಡು ದಿನ ನನ್ನ ರೂಮಲ್ಲಿರು, ಸೋಮವಾರ ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಶ್ವೇತಾ ಕರೆದಿದ್ದಳು.

"ಹೋಗಬೇಕಂದ್ರ ಇವತ್ತ ಸಂಜೀಕನ ಹೋಗಬೇಕ್ರಿ," ಅಂದಳು ವಿದ್ಯಾ. "ಆದ್ರ ಈಕಿ ಸಾಲೀಗೆ ಹೋಗ್ತೀನಂತ ಮೂರು ದಿನದಿಂದ ಪಾಟೀಚೀಲ ತಲಿದಿಂಬಿನ ಬಾಜೂ ಇಟ್ಕೊಂಡ ಮಲಗ್ಯಾಳ. ಮೊದಲನೇ ದಿನಾನ ತಪ್ಪಿಸಲಿಕ್ಕೆ ಮನಸಿಲ್ಲ. ಸೋಮವಾರ ಸಾಲಿ ಹತ್ತರಾಗ ಎಷ್ಟು, ಅಕ್ಕಾರ?"

ಅಂದು ಬೆಳಿಗ್ಗೆ ಹೆಂಕ್ ಬೇಲಿಯ ಆಚೆಯಿಂದ ಕೂಗಿ ಹೇಳಿದ್ದರು, ಗಾಳಿ ಪೂರ್ವ, ನೆಲ ಕಬ್ಬಿಣ. ಅಗುಳಿ ಮುಟ್ಟಿದಾಗ ಬೆರಳು ಅಂಟಿತ್ತು. ಆದರೂ ನಾನು ಬೇರೆ ಲೆಕ್ಕ ಹಾಕಿದೆ. ಏಳು ವಾರ ಮುಚ್ಚಿದ ಶಾಲೆ, ಬಾಗಿಲಿಗೆ ಬಲೂನು ಕಟ್ಟಿ ಕಾಯುತ್ತೇವೆ ಎಂದು ಯುಫ್ ಆನೆಕೆ ಪತ್ರ ಬರೆದಿದ್ದಾರೆ, ನಡೆದಾದರೂ ಬಂದು ತೆರೆಯುತ್ತಾರೆ. ಇದು ಬುದ್ಧಿ ಹೇಳಿದ ಲೆಕ್ಕ ಎಂದು ನಾನು ಆಗ ನಂಬಿದ್ದೆ.

"ಹತ್ತು," ಅಂದೆ.

"ಹತ್ತ? ನೀವು ಎಂದೂ ಹತ್ತ ಅಂದಿಲ್ಲಲ್ರಿ."

"ಈ ಸಲ ಹತ್ತು ಕಣೆ. ಆರಾಮಾಗಿರು."

ಅವಳ ಮುಖದ ಬಿಗಿ ಸಡಿಲಾಯಿತು. ನಾಳೆ ಇನ್ನೆರಡು ಹಾಲು ತರಲೇ ಎಂದು ಕೇಳಿ ಹೋದಳು. ಮೇಜಿನ ಹತ್ತಿರ ಕೂತಿದ್ದ ಸಹನಾ ತಲೆಯೆತ್ತಿ, "ಅಮ್ಮಾ, ಯೂ ನೆವರ್ ಸೇ ಟೆನ್," ಅಂದಳು. ಸುಮ್ಮನೆ ಓದ್ಕೋ ಅಂದೆ.

ಭಾನುವಾರ ಎದ್ದಾಗ ಕಿಟಕಿಯಲ್ಲಿ ಬೀದಿ ಇರಲಿಲ್ಲ. ಹಿಮ ಮೇಲಿನಿಂದ ಬೀಳುತ್ತಿರಲಿಲ್ಲ, ಅಡ್ಡಡ್ಡಲಾಗಿ ಓಡುತ್ತಿತ್ತು, ಜರಡಿ ಹಿಡಿದ ಮೈದಾಹಿಟ್ಟಿನಂತೆ. ದೇಶಕ್ಕೆಲ್ಲ ಕೆಂಪು ಎಚ್ಚರಿಕೆ. ತಿಂಡಿಯ ಹೊತ್ತಿಗೆ ರೈಲುಗಳು ನಿಂತವೆಂದು ಗೊತ್ತಾಯಿತು. ಮಧ್ಯಾಹ್ನ ಶಾಲೆಯ ಪತ್ರ ಬಂತು. ಟೀಚರುಗಳು ಬರಲು ದಾರಿಯಿಲ್ಲ, ಸೋಮವಾರ ತೆರೆಯುವುದಿಲ್ಲ, ಮಂಗಳವಾರ ನೋಡೋಣ.

ಪತ್ರ ಓದುತ್ತಾ ನನಗೆ ಕಂಡದ್ದು ಇನ್ನೂ ದೊಡ್ಡ ತಪ್ಪು. ಶಾಲೆ ತೆರೆದಿದ್ದರೂ ವಿದ್ಯಾ ವಾಗೆನಿಂಗನ್ ಮುಟ್ಟುತ್ತಿರಲಿಲ್ಲ, ರೈಲೇ ಇಲ್ಲವಲ್ಲ. ಇಷ್ಟು ವರ್ಷ ಟೀಚರುಗಳ ದಾರಿಯನ್ನು ನೋಡಿದ ನಾನು ಕೇಳುತ್ತಿದ್ದ ತಾಯಿಯ ದಾರಿಯನ್ನು ಒಂದು ದಿನವೂ ನೋಡಿರಲಿಲ್ಲ. ನೀನು ಎಲ್ಲಿಗೆ ಹೋಗಬೇಕಮ್ಮ ಎಂದು ಕೇಳಿರಲಿಲ್ಲ. ಹುಡುಗಿಯರೇ, ಈ ಕೆಲಸಕ್ಕೆ ಬರುವವರು ಮೊದಲು ಇದನ್ನು ಕೇಳಿ. ನಾನು ಕೊನೆಗೆ ಕಲಿತೆ.

ಅವಳಿಗೆ ಫೋನು ಮಾಡಿದೆ. ಪತ್ರ ಅವಳೂ ಓದಿದ್ದಳು. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. "ಇರಲಿ ಬಿಡ್ರಿ ಅಕ್ಕಾರ," ಅಂದಳು, "ನನ್ನ ನಸೀಬ." ಹಿಂದಿನಿಂದ ಇಂಚರ ಅಳುವುದು ಕೇಳುತ್ತಿತ್ತು. ಫೋನು ಇಟ್ಟಳು.

ನಾನು ಗುಂಪಿನಲ್ಲಿ ಬರೆದೆ, ವಿದ್ಯಾಳಿಗೆ ಹತ್ತು ಎಂದದ್ದು ತಪ್ಪು, ತಪ್ಪು ನನ್ನದೇ. ಆಮೇಲೆ ದೇವರ ಮುಂದೆ ಕೂತೆ. ಅಲ್ಲಿ ಕೂತಾಗ ಇನ್ನೊಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಯಿತು. ಶನಿವಾರ ವಿದ್ಯಾ ಹೊರಟುಹೋದರೆ ನಮಗೆ ಹಾಲು ತಂದುಕೊಡುವವರು ಯಾರು ಎಂಬ ಯೋಚನೆ ನನ್ನ ತಲೆಯಲ್ಲಿ ಇರಲೇ ಇಲ್ಲ ಎಂದು ನಂಜುಂಡೇಶ್ವರನ ಎದುರು ಹೇಳಲು ಬಾಯಿ ಬರಲಿಲ್ಲ. ಕಡಿಮೆ ಹೇಳಬೇಕಿದ್ದಲ್ಲಿ ಹತ್ತು ಹೇಳಿಸಿದ್ದು ಬಲೂನು ಒಂದೇ ಅಲ್ಲ, ಆ ಎರಡು ಹಾಲಿನ ಡಬ್ಬಿಯೂ ಹೌದು. ತಪ್ಪಾಯಿತು, ದಾರಿ ತೋರಿಸು ಎಂದು ಕೇಳಿಕೊಂಡೆ.

ದಾರಿ ಎಂದು ಬಾಯಲ್ಲಿ ಬಂದದ್ದೇ, ದಾರಿಯೇ ಬೇಕಿಲ್ಲವಲ್ಲ ಅನಿಸಿತು. ಶ್ವೇತಾ ಅಲ್ಲೇ ಇದ್ದಾಳೆ. ಗಾಜಿನ ಮನೆಗೆ ನಡೆದು ಹೋಗುವಷ್ಟು ಹತ್ತಿರ. ಮತ್ತೆ ಫೋನು ಮಾಡಿದೆ. ವಿದ್ಯಾ ಆಗುವುದಿಲ್ಲ ಅಂದಳು. ಯಾವ ಗಿಡಕ್ಕೆ ಏನು ಕೊಟ್ಟಿದೆ ಎಂದು ಬೇರೆಯವರಿಗೆ ಗೊತ್ತಾಗಬಾರದೆಂದು ಕುಂಡಗಳಿಗೆ ಚುಚ್ಚಿದ ಕಡ್ಡಿಗಳ ಮೇಲೆ ಕನ್ನಡ ಅಂಕಿ ಬರೆದಿದ್ದಾಳಂತೆ. ಅದನ್ನು ಅಲ್ಲಿ ಯಾರೂ ಓದಲಾರರು, ಅದಕ್ಕೇ ಬರೆದದ್ದು.

"ಶ್ವೇತಾ ತುಮಕೂರಿನವಳಲ್ಲವೇನೆ?" ಅಂದೆ.

"ಹೌದಲ್ಲ," ಅಂದಳು.

ಶ್ವೇತಾ ಒಂದೇ ಮಾತಿಗೆ ಒಪ್ಪಿದಳು. ವಿದ್ಯಾಳ ಮೇಲಿನವರು ಸಂಜೆಯೊಳಗೆ ಹೆಸರು ಬದಲಿಸಿಕೊಟ್ಟರು. ಸೋಮವಾರ ಬೆಳಗಿನಿಂದ ಸಂಜೆಯವರೆಗೆ ವಿದ್ಯಾ ವಿಡಿಯೋದಲ್ಲಿ ಕೂತು ಒಂದೊಂದೇ ಗಿಡ ತೋರಿಸಿಕೊಂಡು, ಯಾವ ಎಲೆ, ಎಲ್ಲಿ ಕತ್ತರಿಸಬೇಕು ಎಂದು ಹೇಳಬೇಕು. ಕಣ್ಣು ಆಚೀಚೆ ಸರಿಯುವಂತಿಲ್ಲ. ಹಾಗಾದರೆ ಇಂಚರ? ಬಲೂನು ತಪ್ಪಿದ ಮಗು, ಒಂದೇ ಕೋಣೆಯಲ್ಲಿ ತಾಯಿಯ ತೋಳು ಜಗ್ಗುತ್ತಾ ಕೂರುತ್ತದೆ.

ಇಲ್ಲಿನ ಮನೆಗಳ ಕಿಟಕಿ ದೊಡ್ಡವು, ಪರದೆ ಎಳೆಯುವವರು ಕಡಿಮೆ. ಬಂದ ಹೊಸದರಲ್ಲಿ ದಾರಿಹೋಕರೆಲ್ಲ ನಮ್ಮ ಊಟದ ತಟ್ಟೆ ನೋಡಿಕೊಂಡು ಹೋಗುತ್ತಾರೆಂದು ನನಗೆ ನಾಚಿಕೆಯಾಗುತ್ತಿತ್ತು. ಆ ಸೋಮವಾರ ಆ ಕಿಟಕಿಗೆ ನಮಸ್ಕಾರ ಮಾಡಬೇಕು ಅನಿಸಿತು. ಇಂಚರಳಿಗೆ ಬೆಚ್ಚಗೆ ತೊಡಿಸಿ ನನ್ನ ಕಿಟಕಿಯ ಮುಂದೆ ಬಿಟ್ಟುಬಿಡು, ಗಾಜಿನ ಒಳಗಿನಿಂದಲೇ ನೋಡಿಕೊಳ್ಳುತ್ತೇನೆ ಎಂದು ವಿದ್ಯಾಳಿಗೆ ಹೇಳಿದೆ. ಇಡ್ಲಿ ತಟ್ಟೆಗಳನ್ನು ಕುದಿಯುವ ನೀರಲ್ಲಿ ತೊಳೆದು ಮುಂಚೆಯೇ ಹೊರಗಿಟ್ಟಿದ್ದೆ.

ಹುಡುಗಿ ಮುಖ ಊದಿಸಿಕೊಂಡು ಬಂದಳು. "ಶಾಲೆ ಇದೆ ಅಂದಿದ್ರಿ," ಅಂದಳು ಗಾಜಿನ ಆಚೆಯಿಂದ. ಅಂದಿದ್ದೆ, ತಪ್ಪಾಯ್ತು ಅಂದೆ. ಅವಳು ಆ ತಟ್ಟೆ ಯಾತಕ್ಕೆ ಎಂದು ಕೇಳಿದಳು. ಹಿಮದ ಇಡ್ಲಿ ಮಾಡು ಅಂದೆ. ತುಂಬಿ ಕವುಚಿದಳು. ಪುಡಿಪುಡಿಯಾಗಿ ಉದುರಿತು. ಪೂರ್ವದ ಗಾಳಿಯ ಒಣ ಹಿಮ, ಒಂದಕ್ಕೊಂದು ಅಂಟುವುದೇ ಇಲ್ಲ. ಮೂರು ಸಲ ಉದುರಿದ ಮೇಲೆ ಕಣ್ಣಲ್ಲಿ ನೀರು ತಂದುಕೊಂಡಳು. ಹಿಟ್ಟು ಗಟ್ಟಿಯಾಗಿದೆ, ನೀರು ಚಿಮುಕಿಸು ಎಂದು ಒಂದು ಬಟ್ಟಲು ನೀರನ್ನು ಕಿಟಕಿಯ ಹೊರಗಿಟ್ಟು ಹಿಂದೆ ಸರಿದೆ. ಚಿಮುಕಿಸಿ, ಒತ್ತಿ, ನೂರು ಎಣಿಸಿ ಕವುಚಿದಳು. ಗಟ್ಟಿ ಇಡ್ಲಿ ಬಂತು. ಆ ಚಳಿಯಲ್ಲಿ ಹಬೆಯಿಲ್ಲದೆ ಬೆಂದು ಕಲ್ಲಾಯಿತು.

ಆಮೇಲೆ ಅವಳನ್ನು ಒಳಗೆ ಕಳಿಸುವುದೇ ಕಷ್ಟವಾಯಿತು. ಅರ್ಧ ಗಂಟೆಗೊಮ್ಮೆ ನಾನು ಗಾಜು ತಟ್ಟಿ ಹೋಗಿ ಮೈ ಬೆಚ್ಚಗೆ ಮಾಡಿಕೊಂಡು ಬಾ ಎಂದು ಗದರಬೇಕಾಗುತ್ತಿತ್ತು. ಸಹನಾ ಒಳಗಿನಿಂದ ಕಾಗದದ ಮೇಲೆ ಡಚ್ಚಿನಲ್ಲಿ ಲೆಕ್ಕ ಬರೆದು ಗಾಜಿಗೆ ಹಿಡಿಯುವಳು, ಇಂಚರ ಇಡ್ಲಿ ಜೋಡಿಸಿ ಉತ್ತರ ತೋರಿಸುವಳು. ಹೆಂಕ್ ಸಲಿಕೆ ಹಿಡಿದು ದಾರಿ ಬಿಡಿಸುತ್ತಾ ಬಂದವರು ನಿಂತು, ಹತ್ತು ಅಂದೆಯಂತೆ ಎಂದು ಕೇಳಿದರು. ಸುದ್ದಿ ಅವರಿಗೂ ಮುಟ್ಟಿತ್ತು. ಹೌದು ಬ್ಯೂರ್‌ಮನ್ ಅಂದೆ. ಮೂವತ್ತು ವರ್ಷದ ಕೆಲಸದಲ್ಲಿ ನಾನು ಜುಲೈ ತಿಂಗಳಲ್ಲೂ ಹತ್ತು ಅಂದವನಲ್ಲ ಅಂದರು. ಹೋಗುವ ಮುನ್ನ ಎರಡು ಹಿಮದ ಇಡ್ಲಿ ಕೊಂಡರು. ಬೆಲೆಯಾಗಿ ಇಂಚರಳಿಗೆ ಒಂದು ಕಿತ್ತಳೆಹಣ್ಣು ಕೊಟ್ಟರು.

ಎದುರು ಮನೆಯ ಕಿಟಕಿಯಲ್ಲಿ ದಿನವಿಡೀ ವಿದ್ಯಾಳ ಬಗ್ಗಿದ ತಲೆ ಕಾಣುತ್ತಿತ್ತು. ಮಧ್ಯಾಹ್ನ ಒಮ್ಮೆ ಎದ್ದು ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಮತ್ತೆ ಕೂತಳು. ನಾನು ಈರುಳ್ಳಿ ಹೆಚ್ಚುತ್ತಾ ಹೆಚ್ಚುತ್ತಾ ನಲವತ್ತರವರೆಗೆ ಎಣಿಸುವುದು, ಮತ್ತೆ ಒಂದರಿಂದ ಶುರುಮಾಡುವುದು, ಹೀಗೇ ಇದ್ದೆ.

ಬೆಳಕು ಕಂದುವ ಹೊತ್ತಿಗೆ ಅವಳು ಹೊರಗೆ ಬಂದಳು. ಈ ಸಲ ಕೋಟು ಹಾಕಿದ್ದಳು. ನನ್ನ ಕಿಟಕಿಯಿಂದ ನಾಲ್ಕು ಹೆಜ್ಜೆ ದೂರ, ಇಡ್ಲಿಗಳ ಸಾಲಿನ ಆಚೆ ನಿಂತಳು. ನಾನು ಕಿಟಕಿ ತೆರೆದೆ.

"ಮೂವತ್ತೆಂಟು ಸಿಕ್ಕಾವ್ರಿ," ಅಂದಳು. "ಆರಕ್ಕ ಒಂಬತ್ತ ಅಂತ ಓದಿ ಎರಡು ಕೆಡಿಸ್ಯಾಳ ಶ್ವೇತಾ. ನನ್ನ ಕೈಬರಹಾನೂ ಹಂಗ ಅದ. ಮೂವತ್ತೆಂಟಿದ್ರ ಸಾಕು, ಕೆಲಸ ಆಗ್ತದ."

ವಿದ್ಯಾ, ಶನಿವಾರ ನಾನು ಹತ್ತು ಅಂದದ್ದು ಯಾಕೆ ಗೊತ್ತಾ ಎಂದು ಶುರುಮಾಡಿ ಹಾಲಿನ ವಿಷಯವನ್ನೂ ಹೇಳಿಬಿಟ್ಟೆ. ಅವಳು ತಲೆ ತಗ್ಗಿಸಿ ಕಾಲ ತುದಿಯಿಂದ ಹಿಮ ಸರಿಸುತ್ತಾ ಕೇಳಿಸಿಕೊಂಡಳು. ಗಾಳಿ ನಿಂತಿತ್ತು. ಇಂಚರ ನಮ್ಮಿಬ್ಬರ ನಡುವೆ ಇಡ್ಲಿ ಎಣಿಸುತ್ತಿದ್ದಳು.

"ಅಕ್ಕಾರ," ಅಂದಳು ಕೊನೆಗೆ, "ನಾಳೆ ಸಾಲಿ ಹತ್ತರಾಗ ಎಷ್ಟು?"

ಕೈ ಹೊರಗೆ ಚಾಚಿ ಕಿಟಕಿಯ ಕಬ್ಬಿಣದ ಚೌಕಟ್ಟು ಮುಟ್ಟಿ ನೋಡಿದೆ. ಸೇತುವೆಗೆ ಉಪ್ಪಿನ ಗಾಡಿ ಹೋದದ್ದನ್ನು ಹೆಂಕ್ ಹೇಳಿದ್ದರು. ನಾಳೆ ನೀನು ಎಲ್ಲಿಗಾದರೂ ಹೋಗಬೇಕೇನೆ ಎಂದು ಕೇಳಿದೆ. ಎಲ್ಲಿಗೂ ಇಲ್ಲ, ಮನೆಯಲ್ಲೇ ಮಲಗಿ ನಿದ್ದೆ ಮಾಡುವುದು ಅಂದಳು.

"ಎಂಟು," ಅಂದೆ. "ಮುಂದೆ ದೇವರ ಚಿತ್ತ."

"ಎಂಟಿದ್ರ ಪಾಟೀಚೀಲ ತಯಾರ ಮಾಡ್ತೀನ್ರಿ," ಅಂದು ಮಗಳ ಕೈ ಹಿಡಿದಳು. ದಾರಿಯ ಅರ್ಧಕ್ಕೆ ಹೋದವಳು ತಿರುಗಿ, ಬೆಳಿಗ್ಗೆ ಹಾಲು ಎಷ್ಟು ತರಲಿ ಎಂದು ಕೇಳಿದಳು. ಎರಡು ಅಂದೆ.

ಅಂದು ದೀಪದ ಮುಂದೆ ಮೂರನ್ನು ಹುಡುಕಬೇಕಾಗಲಿಲ್ಲ. ಮೂವತ್ತೆಂಟಿದ್ದವು. ಆಮೇಲೆ ಬಾಗಿಲ ಬಳಿ ಇಂಚರ ಬಿಟ್ಟುಹೋಗಿದ್ದ ಇಡ್ಲಿ ತಟ್ಟೆಗಳನ್ನು ಒಳಗೆ ತಂದೆ. ಅಡುಗೆಮನೆಯ ಬೆಚ್ಚಗೆ ಕುಳಿಗಳಲ್ಲಿ ಹಿಮ ಕರಗಿ ನೀರಾಯಿತು. ಅದನ್ನು ಚೆಲ್ಲಿ, ತಟ್ಟೆ ತೊಳೆದು ಬೋರಲು ಹಾಕಿ, ಉದ್ದಿನಬೇಳೆ ಅಳೆದು ನೆನೆಹಾಕಿದೆ.